ತೋಟದ ಮನೆಗೆ ಕಲಾವಿದರು: ಮಳೆಗಾಲದಲ್ಲಿ ಕರೆಯಬಹುದಾ? ಬುಟ್ಟಿ ಹೆಣೆಯುವವರಿಗೆ ಎಷ್ಟು ಕೊಡಬೇಕು?

ಬೆಳ್ಮಣ್ ತೋಟದಮನೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ಉಡುಪಿ ಜಿಲ್ಲೆಯ ಬೆಳ್ಮಣ್ ಹತ್ತಿರ ನಮ್ಮದು ನಾಲ್ಕು ಎಕರೆ. ಅರ್ಧ ಅಡಿಕೆ, ತೆಂಗು. ಕೆಳಗೆ ಬೈಲಿನಲ್ಲಿ ಒಂದು ಎಕರೆ ಗದ್ದೆ, ಉಳಿದದ್ದು ಗುಡ್ಡೆ. ಮೊದಲು ಮನೆ ತುಂಬ ಜನ ಇದ್ದರು, ಈಗ ನಾನು, ನನ್ನ ಗಂಡ, ಅಮ್ಮ ಮೂರೇ ಜನ. ಅಡಿಕೆ ತುಂಬಿಡುತ್ತಿದ್ದ ಉದ್ದದ ಕೊಟ್ಟಿಗೆ ಖಾಲಿ ಬಿದ್ದಿತ್ತು. ಕಳೆದ ಜನವರಿಯಲ್ಲಿ ಅದನ್ನು ಗುಡಿಸಿ, ಸುಣ್ಣ ಹೊಡೆದು, ಮೂವರು ಕಲಾವಿದರನ್ನು ನಾಲ್ಕು ವಾರ ಇರಿಸಿಕೊಂಡೆವು. ಒಬ್ಬರು ಮಣ್ಣಿನ ಕೆಲಸದವರು, ಒಬ್ಬರು ಬಟ್ಟೆ ಮತ್ತು ಬಣ್ಣದವರು, ಇನ್ನೊಬ್ಬರು ಶಿಲ್ಪ ಮಾಡುವವರು. ಊಟ, ವಸತಿ ನಮ್ಮದು. ನಮ್ಮ ಷರತ್ತು ಒಂದೇ. ಹೊರಗಿನಿಂದ ಸಾಮಾನು ತರಬಾರದು. ಹಾಳೆ (ಅಡಿಕೆ ಸೋಗೆಯ ಬುಡದ ಅಗಲ ಪಟ್ಟೆ), ಬೈಹುಲ್ಲು, ತೆಂಗಿನ ಗೆರಟೆ, ಮುಂಡೇವು (ಕೇದಗೆ ಜಾತಿಯ ಗಿಡದ ಎಲೆ), ಗದ್ದೆಯ ಮಣ್ಣು, ಹೀಗೆ ತೋಟದಲ್ಲಿ ಮತ್ತು ಊರಲ್ಲಿ ಸಿಗುವುದರಲ್ಲೇ ಕೆಲಸ.

ಮೊದಲ ದಿನ ಶಿಲ್ಪಿ ಒಂದು ಒಣ ಹಾಳೆ ತೆಗೆದುಕೊಂಡು ಮಡಚಿದರು. ಚಟ್ ಅಂತ ಸೀಳಿತು. ಇನ್ನೊಂದು ತೆಗೆದರು, ಅದೂ ಸೀಳಿತು. ಅಮ್ಮ ಏನೂ ಹೇಳಲಿಲ್ಲ. ನಾಲ್ಕು ಹಾಳೆ ಎತ್ತಿಕೊಂಡು ಹೋಗಿ ಹಟ್ಟಿಯ ಹತ್ತಿರದ ಕಲ್ಲಿನ ಮರಿಗೆಯಲ್ಲಿ ಮುಳುಗಿಸಿ, ಮೇಲೆ ಒಂದು ಮುರಕಲ್ಲು (ಕೆಂಪುಕಲ್ಲು) ಇಟ್ಟರು. ಬೆಳಿಗ್ಗೆ ತೆಗೆದರೆ ಚರ್ಮದ ಹಾಗೆ ಬಗ್ಗುತ್ತಿತ್ತು. ಕಾಫಿ ಕುಡಿಯುವಷ್ಟರಲ್ಲಿ ಅಮ್ಮ ಒಂದು ಮುಟ್ಟಾಳೆ, ಅಂದರೆ ಹಾಳೆಯ ಟೊಪ್ಪಿ, ಮಡಚಿ, ಹೊಲಿದು, ಅವರ ತಲೆಗೆ ಇಟ್ಟರು. ಅಲ್ಲಿಂದ ನಾಲ್ಕು ವಾರ ಅವರು ಹಾಳೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹೋಗುವಾಗ ಹನ್ನೆರಡು ಕೆಲಸಗಳನ್ನು ನಮ್ಮ ಚಾವಡಿಯಲ್ಲೇ ಬಿಟ್ಟು ಹೋದರು.

ಜೂನ್ ಮೊದಲ ಮಳೆ ಹಿಡಿದು ಹತ್ತು ದಿನಕ್ಕೆ ಆ ಹನ್ನೆರಡಕ್ಕೂ ಬೂಷ್ಟು ಬಂತು. ಒರೆಸಿದೆ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟೆ. ಐದು ಮಾತ್ರ ಉಳಿದವು. ನನಗೆ ತುಂಬ ಬೇಸರವಾಯಿತು.

ಈಗ ಪ್ರಶ್ನೆ. ಇಬ್ಬರು ಕಲಾವಿದರು ಜುಲೈ, ಆಗಸ್ಟ್‌ನಲ್ಲಿ ಬರುತ್ತೇವೆ ಎಂದು ಕೇಳಿದ್ದಾರೆ. ಅವರಿಗೆ ಆಗ ರಜೆ, ಮತ್ತೆ ಕರಾವಳಿಯ ಮಳೆ ನೋಡುವ ಆಸೆ. ಕರೆಯಬಹುದಾ?

ಎರಡನೆಯದು ನನ್ನ ಮನಸ್ಸು ಕೊರೆಯುತ್ತಿರುವ ವಿಷಯ. ಬುಟ್ಟಿ ಹೆಣೆಯುವ ಹಿರಿಯ ದಂಪತಿ ಎಂಟು ದಿನ ಬಂದು ಕಲಿಸಿದರು. ನಾವು ತೋಟದ ಕೆಲಸದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 600 ರೂಪಾಯಿ ಕೊಟ್ಟೆವು. ಕಲಾವಿದರಿಗೆ ಗೆಳೆಯರು ಸೇರಿಸಿದ ಹಣದಿಂದ ತಲಾ 15,000 ಕೊಟ್ಟಿದ್ದೆವು. ಲೆಕ್ಕ ಬರೆಯುವಾಗ ನನಗೇ ಸರಿ ಕಾಣಲಿಲ್ಲ. ನೀವೇನು ಹೇಳುತ್ತೀರಿ?

ಗುಡ್ಡೆ ಬರಿಯ ಕೃಷಿಕ:

ಜುಲೈಯಲ್ಲಿ ಬೇಡ ಅಕ್ಕ. ನಾನು ಅಡಿಕೆ ಮಾಡುವವನು, ಕಲೆ ಗೊತ್ತಿಲ್ಲ, ತೋಟ ಗೊತ್ತು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರಲ್ಲಿ ಜಾಸ್ತಿ ಬೀಳುವುದೇ ಜೂನ್, ಜುಲೈ, ಆಗಸ್ಟ್‌ನಲ್ಲಿ. ಕರೆಂಟು ಎರಡು ದಿನ ಬರುವುದಿಲ್ಲ. ಒಣಗಬೇಕಾದ್ದು ಯಾವುದೂ ಒಣಗುವುದಿಲ್ಲ. ಬರಿಗಾಲಲ್ಲಿ ಗದ್ದೆಗೆ ಇಳಿದರೆ ಇಲಿಜ್ವರದ ಭಯ ಬೇರೆ. ಕಾಲಲ್ಲಿ ಗಾಯ ಇದ್ದವರನ್ನು ಕೆಸರಿಗೆ ಇಳಿಸಲೇಬೇಡಿ.

ಇನ್ನೊಂದು ಮುಖ್ಯ ವಿಷಯ. ಅದು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣದ ನೀರು) ಬಿಡುವ ಸಮಯ. ಆಗ ಬಿದ್ದ ಹಾಳೆಯಲ್ಲಿ ಬೋರ್ಡೋದ ನೀಲಿ ಕಲೆ ಇರುತ್ತದೆ. ಅದನ್ನು ನೆನೆಸಿ, ಕೈಯಲ್ಲಿ ತಿಕ್ಕಿ, ಬಾಯಲ್ಲಿ ಹಿಡಿದು ಕೆಲಸ ಮಾಡುವುದು ಒಳ್ಳೆಯದಲ್ಲ. ಹಾಳೆ ಬೇಕಾದರೆ ಡಿಸೆಂಬರ್ ಮೇಲೆ ಬಿದ್ದದ್ದನ್ನು ಅದೇ ದಿನ ಹೆಕ್ಕಿ, ಬಿಸಿಲಿಗೆ ಒಣಗಿಸಿ, ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಬೇಕು. ಒಂದು ಸಲ ಇಬ್ಬನಿಯಲ್ಲಿ ನೆನೆದು ಕಪ್ಪಾದ ಹಾಳೆ ಆಮೇಲೆ ಎಷ್ಟು ಒಣಗಿಸಿದರೂ ಬೂಷ್ಟು ಹಿಡಿಯುತ್ತದೆ. ನಿಮ್ಮ ಹನ್ನೆರಡರಲ್ಲಿ ಐದು ಉಳಿಯಿತು ಅಂದಿರಲ್ಲ, ಆ ಐದು ಚೆನ್ನಾಗಿ ಒಣಗಿದ ಹಾಳೆಯವು ಇರಬೇಕು.

ಕಿನ್ನಿಗೋಳಿ ಮಗ್ಗ:

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಉಡುಪಿ ಸೀರೆ ನೇಯುತ್ತೇವೆ. 2016ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ ಸೀರೆ. ಆದರೂ ಮಗ್ಗದ ಮೇಲೆ ಕೂರುವವರು ಬೆರಳೆಣಿಕೆ. ಅದಕ್ಕೇ ಇಂಥ ಕೆಲಸ ಯಾರೇ ಮಾಡಿದರೂ ನನಗೆ ಸಂತೋಷ.

ಮಳೆಗಾಲದ ಬಗ್ಗೆ ನಮ್ಮದೂ ಅದೇ ಕಷ್ಟ. ಹಾಸಿನ ನೂಲಿಗೆ ಗಂಜಿ ಹಾಕಿದ ಮೇಲೆ ಹದವಾಗಿ ಒಣಗಬೇಕು. ಗಾಳಿ ಬಿಸಿಲು ಇಲ್ಲದಿದ್ದರೆ ಎಳೆ ಎಳೆ ಅಂಟಿಕೊಳ್ಳುತ್ತದೆ. ಮಗ್ಗಕ್ಕೆ ಏರಿಸಿದ ಮೇಲೆ ಪಟಪಟ ಕಡಿಯುತ್ತದೆ. ಕಡಿದ ಎಳೆ ಹುಡುಕಿ ಗಂಟು ಹಾಕುವುದರಲ್ಲೇ ದಿನ ಹೋಗುತ್ತದೆ.

ಬಣ್ಣದವರು ಬಂದಿದ್ದರು ಅಂದಿರಿ. ಅವರು ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ಕೇಳಿರಬೇಕು ಅಲ್ವಾ? ಕರಾವಳಿ ಅಂದರೆ ಅಡಿಕೆ, ಅಡಿಕೆ ಅಂದರೆ ಚೊಗರು ಎಂದು ತುಂಬ ಜನ ತಿಳಿದಿದ್ದಾರೆ. ನಮ್ಮ ಜಿಲ್ಲೆಗಳಲ್ಲಿ ಜಾಸ್ತಿ ಮಾಡುವುದು ಚಾಲಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸುವುದು, ಬೇಯಿಸುವುದೇ ಇಲ್ಲ. ಚೊಗರು ಸಿಗುವುದು ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವ ಮಲೆನಾಡಿನಲ್ಲಿ. ನಾವು ಸೀರೆಗೆ ಬಳಸುವುದೂ ಘಟ್ಟದ ಮೇಲಿನಿಂದ ತರಿಸಿದ್ದನ್ನೇ. ಹೊರಗಿನಿಂದ ಏನೂ ತರಬಾರದು ಎಂಬ ನಿಮ್ಮ ಷರತ್ತಿಗೆ ಅದು ಹೊಂದುವುದಿಲ್ಲ. ಬೇಕಾದರೆ ಬಿದ್ದ ಎಳೆ ಅಡಿಕೆಯನ್ನು ಜಜ್ಜಿ ನೀವೇ ಕುದಿಸಬಹುದು. ಅದರಲ್ಲಿ ಒಗರು ಜಾಸ್ತಿ, ಹತ್ತಿ ಬಟ್ಟೆಗೆ ಚೆನ್ನಾಗಿ ಹಿಡಿಯುತ್ತದೆ.

ಬೆಳ್ಮಣ್ ತೋಟದಮನೆ:

ಹೌದು, ಮೊದಲ ದಿನವೇ ಕೇಳಿದರು. ನನಗೆ ಚಾಲಿ ಮತ್ತು ಕೆಂಪಡಿಕೆಯ ವ್ಯತ್ಯಾಸ ವಿವರಿಸುವಷ್ಟರಲ್ಲಿ ಸಾಕಾಯಿತು. ಆಮೇಲೆ ಅವರು ಪಂಪ್ ಶೆಡ್ಡಿನಲ್ಲಿ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಚೀಲ ನೋಡಿ, ಬಣ್ಣ ಕಚ್ಚಿಸಲು ಇದನ್ನೇ ಬಳಸಬಹುದು ಎಂದು ಖುಷಿಪಟ್ಟರು. ಬಳಸಿದರು ಕೂಡ. ಬಣ್ಣ ಗಾಢ ಕಂದು ಬಂತು, ನಿಜಕ್ಕೂ ಚಂದ.

ಕಿನ್ನಿಗೋಳಿ ಮಗ್ಗ:

ಅಯ್ಯೋ, ಉಳಿದ ನೀರು ಎಲ್ಲಿ ಚೆಲ್ಲಿದರು? ಮೈಲುತುತ್ತು ತೋಡಿಗೆ ಹೋದರೆ ಮೀನು ಸಾಯುತ್ತದೆ, ಕಪ್ಪೆ ಸಾಯುತ್ತದೆ. ಮುಂದಿನ ಸಲ ಪಟಿಕ ಕೊಡಿ. ಬಣ್ಣ ಸ್ವಲ್ಪ ತಿಳಿಯಾಗುತ್ತದೆ ಅಷ್ಟೇ. ನೀರನ್ನು ಕೆರೆ, ಬಾವಿ, ತೋಡಿನಿಂದ ದೂರ ಇಡಬೇಕು ಎಂದು ಮೊದಲ ದಿನವೇ ಹೇಳಿಬಿಡಿ.

ಬೆಳ್ಮಣ್ ತೋಟದಮನೆ:

ಒಂದು ಹಳೆಯ ಡ್ರಮ್ಮಿನಲ್ಲಿ ಹಾಗೇ ಉಂಟು, ಚೆಲ್ಲಲಿಲ್ಲ. ನನ್ನ ಗಂಡ ಅದನ್ನು ಮದ್ದಿನ ಜೊತೆ ಲೆಕ್ಕ ಹಾಕಿ ಮುಗಿಸುತ್ತೇನೆ ಎಂದಿದ್ದಾರೆ. ಇನ್ನು ಮೇಲೆ ಪಟಿಕ ಮಾತ್ರ.

ಸುಣ್ಣ ಕೆಮ್ಮಣ್ಣು:

ಮಳೆಗಾಲ ಪೂರ್ತಿ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಯಾವ ವಸ್ತು ಎಂಬುದರ ಮೇಲೆ ಹೋಗುತ್ತದೆ. ನಾನು ಕಾವಿ ಕೆಲಸ ಕಲಿತವನು. ಕೆಳಗೆ ಚಿಪ್ಪಿನ ಸುಣ್ಣ ಮತ್ತು ಮರಳಿನ ಬಿಳಿ ಗಾರೆ. ಅದರ ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣದ ತೆಳು ಪದರ. ಹಸಿ ಇರುವಾಗಲೇ ಗೀರಿ ತೆಗೆದರೆ ಅಡಿಯ ಬಿಳಿ ಎದ್ದು ಕಾಣುತ್ತದೆ. ಕೊಂಕಣ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ನೋಡಿರುತ್ತೀರಿ.

ಈ ಕೆಲಸಕ್ಕೆ ಬೇಸಿಗೆಯೇ ವೈರಿ. ಮಾರ್ಚ್, ಏಪ್ರಿಲ್‌ನಲ್ಲಿ ಪದರ ಹಾಕಿ ಗೀರು ಶುರು ಮಾಡುವಷ್ಟರಲ್ಲಿ ಒಣಗಿ ಪುಡಿ ಉದುರುತ್ತದೆ. ಗೋಡೆಗೆ ಒದ್ದೆ ಗೋಣಿ ಹೊದಿಸಿ, ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಬೇಕು. ಸುಣ್ಣ ಗಟ್ಟಿಯಾಗುವುದು ಬಿಸಿಲಿಗೆ ಒಣಗಿ ಅಲ್ಲ. ತೇವ ಇರುವಾಗ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ಎಳೆದುಕೊಂಡು ಅದು ಕಲ್ಲಾಗುವುದು. ಆಗಸ್ಟ್‌ನ ಗಾಳಿಯಲ್ಲಿ ಆ ತೇವ ಪುಕ್ಕಟೆ ಸಿಗುತ್ತದೆ. ಮಾಡು, ಅಂದರೆ ಸೂರು, ಇಳಿಜಾರಾಗಿ ಮುಂದಕ್ಕೆ ಬಂದಿರಬೇಕು, ಎರಚಲು ಗೋಡೆಗೆ ಬಡಿಯಬಾರದು, ಅಷ್ಟೇ. ನಿಮ್ಮ ಕೊಟ್ಟಿಗೆಯ ಒಳಗೋಡೆ ಮುರಕಲ್ಲಿನದ್ದಾ?

ಬೆಳ್ಮಣ್ ತೋಟದಮನೆ:

ಮುರಕಲ್ಲಿನದ್ದೇ. ಹೊರಗೆ ಮಾತ್ರ ಸಾರಣೆ ಉಂಟು, ಒಳಗೆ ಕಲ್ಲು ಹಾಗೇ ಕಾಣುತ್ತದೆ. ಬಂದು ನೋಡುತ್ತೀರಾ ಅಣ್ಣ?

ಸುಣ್ಣ ಕೆಮ್ಮಣ್ಣು:

ಖಂಡಿತ ಬರುತ್ತೇನೆ.

ಬೀಳು ಬುಟ್ಟಿ:

ನಾನು ಕೊರಗ ಸಮುದಾಯದವನು. ನನ್ನ ಅಜ್ಜ ಅಜ್ಜಿ ಬುಟ್ಟಿ ಹೆಣೆದೇ ನಮ್ಮನ್ನು ಸಾಕಿದವರು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಬರೆಯಬೇಕು ಅನ್ನಿಸಿತು. ಲೆಕ್ಕ ನೋಡಿ ನಿಮಗೇ ಸರಿ ಕಾಣಲಿಲ್ಲ ಎಂದು ಬರೆದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬೀಳು ಅಂದರೆ ಬುಟ್ಟಿ ಹೆಣೆಯುವ ಕಾಡು ಬಳ್ಳಿ. ಅದನ್ನು ತರಲು ಒಂದು ದಿನ. ಮೊದಲು ಮನೆಯ ಹಿಂದಿನ ಹಾಡಿಯಲ್ಲೇ ಸಿಗುತ್ತಿತ್ತು. ಈಗ ಅಲ್ಲೆಲ್ಲ ಅಕೇಶಿಯಾ, ರಬ್ಬರು. ತುಂಬ ದೂರ ನಡೆಯಬೇಕು. ತಂದ ಮೇಲೆ ಸಿಪ್ಪೆ ಹೆರೆದು, ಸೀಳಿ, ಒಂದೇ ದಪ್ಪಕ್ಕೆ ತರಲು ಅರ್ಧ ದಿನ. ಹೆಣೆಯುವುದು ಕೊನೆಯ ಕೆಲಸ. ನೋಡುವವರು ಹೆಣೆಯುವ ದಿನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ನಿಮ್ಮಲ್ಲಿಗೆ ಬಂದ ಹಿರಿಯರು ಎಂಟು ದಿನ ಕಲಿಸಿದರು ಅಂದರೆ ಅದರ ಹಿಂದೆ ಇನ್ನೂ ನಾಲ್ಕೈದು ದಿನದ ಕೆಲಸ ಇರುತ್ತದೆ. ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಅವರೂ ಕೇಳುವುದಿಲ್ಲ.

ಎರಡು ವರ್ಷದ ಹಿಂದೆ ಬೇರೆ ಒಂದು ಕಡೆ ಇಂಥದ್ದೇ ಶಿಬಿರ ಆಯಿತು. ಹೆಸರು ಬೇಡ. ನನ್ನ ಅಜ್ಜಿ ಹನ್ನೊಂದು ಬುಟ್ಟಿ ಹೆಣೆದರು. ಅವನ್ನು ಮಾಡಿನಿಂದ ತಲೆಕೆಳಗಾಗಿ ಇಳಿಬಿಟ್ಟು ಒಳಗೆ ದೀಪ ಹಾಕಿದ್ದರು. ನೋಡಲು ಚಂದವೇ ಇತ್ತು. ಕೆಳಗಿನ ಚೀಟಿಯಲ್ಲಿ ಒಬ್ಬ ಕಲಾವಿದರ ಹೆಸರು ಮಾತ್ರ. ಅಜ್ಜಿಗೆ ಓದು ಬರುವುದಿಲ್ಲ, ನನ್ನ ಹತ್ತಿರ ಕೇಳಿದರು, ನನ್ನ ಹೆಸರು ಎಲ್ಲಿ ಉಂಟು ಮಗ ಎಂದು. ನನಗೆ ಮಾತು ಹೊರಡಲಿಲ್ಲ. ಉದ್ಘಾಟನೆಯ ದಿನ ಮಾವನ ಹತ್ತಿರ ಡೋಲು ತರಲು ಹೇಳಿದರು. ಮಾವ ಹೋಗಲಿಲ್ಲ. ನಮ್ಮ ಹಿರಿಯರನ್ನು ಬೇರೆಯವರ ಕಾರ್ಯಗಳಿಗೆ ಕರೆದು ಡೋಲು ಬಾರಿಸಲು ಹೇಳುತ್ತಿದ್ದ ಕಾಲವನ್ನು ನಾವು ಮರೆತಿಲ್ಲ. ನಮ್ಮನ್ನು ಕೀಳಾಗಿ ಕಂಡು ಹೀಗೆ ಪುಕ್ಕಟೆ ಚಾಕರಿ ಮಾಡಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಿ ಕಾಯ್ದೆ ಬಂದದ್ದು 2000ರಲ್ಲಿ. ಡೋಲು ನಮ್ಮದು, ನಮ್ಮ ಸಂತೋಷಕ್ಕೆ ಬಾರಿಸುತ್ತೇವೆ.

ನಾನು ಕೇಳುವುದು ಇಷ್ಟು. ಕಲಾವಿದರಿಗೆ ಏನು ಕೊಡುತ್ತೀರೋ ಅದನ್ನೇ ಹೆಣೆಯುವವರಿಗೂ ಕೊಡಿ. ಬೀಳು ತರುವ ದಿನವನ್ನೂ ಸೇರಿಸಿ. ಚೀಟಿಯಲ್ಲಿ ಹೆಸರು ಒಂದೇ ಅಕ್ಷರದ ಗಾತ್ರದಲ್ಲಿ ಇರಲಿ. ಊಟಕ್ಕೆ ಒಟ್ಟಿಗೆ ಕೂರಿಸಿ.

ಮಳೆಗಾಲದ ಬಗ್ಗೆ ಕೇಳಿದಿರಿ. ನಮ್ಮ ಕೆಲಸಕ್ಕೆ ಮಳೆ ತೊಂದರೆ ಅಲ್ಲ. ಆಗ ಬೀಳು ಹಸಿ ಇರುತ್ತದೆ, ಬಾಗಿಸುವಾಗ ಮುರಿಯುವುದಿಲ್ಲ. ಬಿದಿರು ಮಾತ್ರ ಮಳೆಗಾಲದಲ್ಲಿ ಕಡಿಯಬಾರದು, ಕುಟ್ಟೆ ಹುಳ ಹಿಡಿಯುತ್ತದೆ.

ಬೆಳ್ಮಣ್ ತೋಟದಮನೆ:

ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ನಮ್ಮಲ್ಲಿ ಆ ಹಿರಿಯರು ಒಟ್ಟಿಗೇ ಕೂತು ಉಂಡರು, ಆದರೆ ಚೀಟಿಯಲ್ಲಿ ಅವರ ಹೆಸರು ನಾವೂ ಬರೆಯಲಿಲ್ಲ. ಸಹಾಯ ಮಾಡಿದವರು ಎಂದು ಕೊನೆಯ ಸಾಲಿನಲ್ಲಿ ಹಾಕಿದ್ದೆವು. ಅದು ತಪ್ಪು. ಕೊಡಬೇಕಾದ ಬಾಕಿಯನ್ನು ಈ ಭಾನುವಾರ ನಾನೇ ಅವರ ಮನೆಗೆ ಹೋಗಿ ಕೊಡುತ್ತೇನೆ.

ಕೊಟ್ಟಿಗೆಯಲ್ಲಿ ಇದ್ದವಳು:

ಆ ಮೂವರಲ್ಲಿ ಬಟ್ಟೆ, ಬಣ್ಣದವಳು ನಾನು. ಮೈಲುತುತ್ತಿನ ವಿಷಯದಲ್ಲಿ ತಿದ್ದಿದ್ದಕ್ಕೆ ಧನ್ಯವಾದ, ನನಗೆ ತೋಡಿನ ಮೀನಿನ ಯೋಚನೆ ಬಂದಿರಲಿಲ್ಲ.

ಹಣದ ಬಗ್ಗೆ ಬೀಳು ಬುಟ್ಟಿ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಅಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಊರಿನವರಿಂದ. ಕೊನೆಯ ವಾರ ಪಕ್ಕದ ಮನೆಯ ಅಜ್ಜರು ಅಕ್ಕಿಮುಡಿ, ಅಂದರೆ ಅಕ್ಕಿ ತುಂಬಿಡುವ ಹುಲ್ಲಿನ ಮೂಟೆ, ಕಟ್ಟಿ ತೋರಿಸಿದರು. ಮೊದಲು ಬೈಹುಲ್ಲಿನ ಹಗ್ಗ ಹೊಸೆದರು. ಅಂಗೈಗೆ ಸ್ವಲ್ಪ ನೀರು, ಎರಡು ಹಿಡಿ ಹುಲ್ಲು, ತೊಡೆಯ ಮೇಲೆ ಉಜ್ಜಿದ ಹಾಗೆ, ನಡುವೆ ಹೊಸ ಹುಲ್ಲು ಸೇರಿಸಿದ್ದು ಎಲ್ಲಿ ಎಂದು ಹುಡುಕಿದರೂ ಸಿಗುವುದಿಲ್ಲ. ಆಮೇಲೆ ಹುಲ್ಲನ್ನು ಸೂರ್ಯನ ಕಿರಣದ ಹಾಗೆ ಸುತ್ತ ಹರಡಿ, ನಡುವೆ ಅಕ್ಕಿ ಸುರಿದು, ಅಂಚು ಎತ್ತಿ ಎತ್ತಿ ಹಗ್ಗ ಸುತ್ತುತ್ತಾ ಬಂದರು. ಪ್ರತಿ ಸುತ್ತಿಗೂ ಮರದ ಕೊಡತಿಯಿಂದ ಬಡಿದು ಗುಂಡಗೆ ಮಾಡಿದರು. ಪೂರ್ತಿ ಮುಡಿ ಅಂದರೆ 42 ಸೇರು ಅಂತೆ. ನನಗಾಗಿ ಎರಡು ಸೇರಿನ ಚಿಕ್ಕ ಮುಡಿ ಕಟ್ಟಿದರು. ಅದನ್ನು ಎತ್ತಿ ಅಂಗಳಕ್ಕೆ ಹಾಕಿದರು, ಒಂದು ಕಾಳು ಹೊರಗೆ ಬರಲಿಲ್ಲ.

ನಾನು ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ಹುಲ್ಲು ಕಡಿಯಿತು. ಅಜ್ಜರು ನನ್ನ ಹುಲ್ಲನ್ನು ಎತ್ತಿ ನೋಡಿ, ಇದು ಮೆಷಿನಿನ ಹುಲ್ಲು ಎಂದರು. ಕಟಾವು ಯಂತ್ರದಲ್ಲಿ ಬಂದ ಹುಲ್ಲು ಜಜ್ಜಿ, ತುಂಡಾಗಿರುತ್ತದೆ. ಮುಡಿಗೆ ಕೈಯಲ್ಲಿ ಕೊಯ್ದ ಉದ್ದ ಹುಲ್ಲೇ ಬೇಕು. ಅವರು ತಮ್ಮ ಮನೆಯಲ್ಲಿ ಅದಕ್ಕಾಗಿಯೇ ನಾಲ್ಕು ಕಟ್ಟು ತೆಗೆದಿಟ್ಟಿದ್ದರು. ಮುಡಿ ಕಟ್ಟುವವರು ಕಡಿಮೆಯಾದರು ಎಂದು ಎಲ್ಲರೂ ಹೇಳುತ್ತಾರೆ. ಆ ಹುಲ್ಲೇ ಕಡಿಮೆಯಾಗಿದೆ ಎಂದು ನನಗೆ ಗೊತ್ತಾದದ್ದು ಆಗ.

ಚೆನ್ನೈ ಹತ್ತಿರದ ಚೋಳಮಂಡಲದ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 1966ರಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಮತ್ತು ಜೊತೆಯ ಕಲಾವಿದರು ಕಟ್ಟಿದ ಊರು. ಅವರು ಬಾಟಿಕ್ ಮುಂತಾದ ಕರಕುಶಲ ವಸ್ತು ಮಾಡಿ ಮಾರಿ, ಆ ದುಡ್ಡಿನಿಂದ ಜಾಗ ಕೊಂಡರು. ಚಿತ್ರ ಬರೆಯುವವರಿಗೆ ಅನ್ನ ಕೊಟ್ಟದ್ದು ಕೈಕೆಲಸ. ಆದರೂ ನಮ್ಮ ಶಿಬಿರಗಳಲ್ಲಿ ಕೈಕೆಲಸದವರನ್ನು ಒಂದು ಮೆಟ್ಟಿಲು ಕೆಳಗೆ ಕೂರಿಸುತ್ತೇವೆ. ನನ್ನ ಪಾಲಿನ 15,000ದಲ್ಲಿ 5,000 ಆ ದಂಪತಿಗೆ ಕಳಿಸುತ್ತೇನೆ ಅಕ್ಕ, ಭಾನುವಾರ ಹೋಗುವಾಗ ಸೇರಿಸಿಕೊಳ್ಳಿ.

ಕುಂಬಾರ ಕೇರಿ:

ಮಣ್ಣಿನ ಕೆಲಸದವರು ಏನು ಮಾಡಿದರು ಎಂದು ಯಾರೂ ಬರೆಯಲಿಲ್ಲ. ಏನಾಯಿತು?

ಬೆಳ್ಮಣ್ ತೋಟದಮನೆ:

ಅವರಿಗೆ ಕಷ್ಟವಾಯಿತು. ಮಂಗಳೂರು ಹೆಂಚಿನ ಊರಲ್ವಾ, ಎಲ್ಲ ಕಡೆ ಅದೇ ಮಣ್ಣು ಇರುತ್ತದೆ ಎಂದು ಬಂದಿದ್ದರು. ನಮ್ಮ ಬೈಲಿನ ಮಣ್ಣಲ್ಲಿ ಕೆಲಸ ಮಾಡಿದರು, ಸುಡುವಾಗ ಅರ್ಧ ಒಡೆಯಿತು.

ಕುಂಬಾರ ಕೇರಿ:

ಒಡೆಯುತ್ತದೆ. ಬಾಸೆಲ್ ಮಿಶನ್‌ನ ಪಾದ್ರಿಗಳು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು ನೇತ್ರಾವತಿ ದಡದ ಜೇಡಿಮಣ್ಣು ನೋಡಿ. ಹೊಳೆ ಬದಿಯ ಮಣ್ಣು ಬೇರೆ, ಗದ್ದೆ ಮಣ್ಣು ಬೇರೆ. ಗದ್ದೆಯದ್ದರಲ್ಲಿ ಬೇರು, ಗೊಬ್ಬರ, ಮುರಕಲ್ಲಿನ ಹರಳು ಎಲ್ಲ ಇರುತ್ತದೆ. ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಂಗಳುಗಟ್ಟಲೆ ಕೊಳೆಯಲು ಬಿಡಬೇಕು. ನಾಲ್ಕು ವಾರದಲ್ಲಿ ಅಗೆದು, ಮಾಡಿ, ಸುಡುತ್ತೇನೆ ಎಂದರೆ ಆಗುವುದಿಲ್ಲ. ಒಳಗೆ ತೇವ ಉಳಿದಿದ್ದರೆ ಬೆಂಕಿಯಲ್ಲಿ ಆವಿಯಾಗಿ ಪಾತ್ರೆಯನ್ನು ಸಿಡಿಸುತ್ತದೆ.

ನೀವು ಏಪ್ರಿಲ್‌ನಲ್ಲಿ ಗದ್ದೆ ಒಣಗಿದಾಗ ಅಗೆದು ಸೋಸಿ ಗುಂಡಿಯಲ್ಲಿ ಮುಚ್ಚಿಡಿ. ಮುಂದಿನ ಜನವರಿಗೆ ಬರುವವರಿಗೆ ಅದು ಹದವಾಗಿರುತ್ತದೆ. ಈ ವರ್ಷದ ಮಣ್ಣು ಮುಂದಿನ ವರ್ಷದ ಕಲಾವಿದರಿಗೆ. ಈಗ ಬೇಕಾದರೆ ನಮ್ಮಲ್ಲಿ ಹದ ಮಾಡಿದ್ದು ಉಂಟು, ಬಂದು ಒಯ್ಯಿರಿ.

ದೈವದ ಚಾಕರಿ ಮನೆ:

ಒಂದು ವಿನಂತಿ. ನಮ್ಮ ಮನೆಯವರು ತೆಂಗಿನ ಸಿರಿ (ಎಳೆ ಗರಿ) ಕಡಿದು, ಹೆಣೆದು, ಹಾಳೆಗೆ ಬಣ್ಣ ಬರೆದು ದೈವದ ಅಣಿ, ಅಂದರೆ ದೈವ ಕಟ್ಟುವವರ ಬೆನ್ನಿಗೆ ಕಟ್ಟುವ ದೊಡ್ಡ ಅಲಂಕಾರ, ಕಟ್ಟುವವರು. ಕಲಾವಿದರು ಸಿರಿಯನ್ನು ಕಲಿಯಲಿ, ಚಾಪೆ, ಬುಟ್ಟಿ, ತೋರಣ ಏನು ಬೇಕಾದರೂ ಹೆಣೆಯಲಿ. ಅಣಿಯ ಆಕಾರ, ಮೊಗದ ಬರವಣಿಗೆ ಮಾತ್ರ ಪ್ರದರ್ಶನಕ್ಕೆ ಬೇಡ. ಅದನ್ನು ಕಟ್ಟುವುದಕ್ಕೆ ಸಮಯ, ನೇಮ, ಕಟ್ಟುವ ಮನೆ ಎಲ್ಲ ಉಂಟು. ಮೇ ಕೊನೆಗೆ ಬರುವ ಪತ್ತನಾಜೆ, ಅಂದರೆ ನೇಮದ ಕಾಲ ಮುಗಿಯುವ ದಿನ, ಕಳೆದ ಮೇಲೆ ನಾವೇ ಗೆಜ್ಜೆ ಮುಟ್ಟುವುದಿಲ್ಲ.

ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆಯ ಮರದ ಭೂತದ ಮೂರ್ತಿಗಳಲ್ಲಿ ಕೆಲವು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಇವೆ. ಅಲ್ಲಿ ಚೆನ್ನಾಗಿಯೇ ಇಟ್ಟಿದ್ದಾರೆ. ಆದರೆ ಅವುಗಳ ಮುಂದೆ ನಿಂತಾಗ ಕೈ ಮುಗಿಯಬೇಕಾ, ಫೋಟೋ ತೆಗೆಯಬೇಕಾ ಎಂದು ನಮ್ಮಂಥವರಿಗೆ ತಿಳಿಯದೆ ಹೋಗುತ್ತದೆ. ಆ ಗೊಂದಲ ಊರಿನ ಚಾವಡಿಗೆ ಬಾರದಿರಲಿ ಎಂದು ಕೇಳುತ್ತಿದ್ದೇನೆ.

ಕೊಟ್ಟಿಗೆಯಲ್ಲಿ ಇದ್ದವಳು:

ಇದನ್ನು ಬರುವವರಿಗೆ ಮೊದಲೇ ಕಳಿಸುವ ಪತ್ರದಲ್ಲಿ ಬರೆಯಬೇಕು. ಬಂದ ಮೇಲೆ ಹೇಳಿದರೆ ತಡವಾಗುತ್ತದೆ.

ಗುಡ್ಡೆ ಬರಿಯ ಕೃಷಿಕ:

ನಾನು ಮೊದಲು ಬರೆದದ್ದನ್ನು ಸ್ವಲ್ಪ ಬದಲಿಸುತ್ತೇನೆ. ಸುಣ್ಣ, ಬೀಳಿನ ವಿಷಯ ನನಗೆ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ಕರೆಯಿರಿ, ಆದರೆ ಜುಲೈ ಬಿಟ್ಟು ಆಗಸ್ಟ್ ಕೊನೆಗೆ. ಆಗ ಮಳೆಯ ಜೋರು ಸ್ವಲ್ಪ ಇಳಿದಿರುತ್ತದೆ.

ಬೆಳ್ಮಣ್ ತೋಟದಮನೆ:

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ರಾತ್ರಿ ಮೂವರೂ ಕೂತು ಮಾತಾಡಿದೆವು.

ಕೇಳಿದ ಇಬ್ಬರಿಗೂ ಜುಲೈ ಆಗುವುದಿಲ್ಲ ಎಂದು ಬರೆದೆ. ಆಗಸ್ಟ್ ಕೊನೆಯಿಂದ ಮೂರು ವಾರ, ಕೊಟ್ಟಿಗೆಯ ಒಳಗೋಡೆಯಲ್ಲಿ ಕಾವಿ, ಜಗಲಿಯಲ್ಲಿ ಬೀಳಿನ ಕೆಲಸ. ಹಾಳೆ, ಮಣ್ಣು, ಮುಡಿ ಬೇಕಾದವರು ಜನವರಿಗೆ ಬರಲಿ. ಹೆಣೆಯುವ ದಂಪತಿಯನ್ನು ಈ ಸಲ ಕಲಾವಿದರು ಎಂದೇ ಕರೆಯುತ್ತಿದ್ದೇವೆ. ಅವರಿಗೂ ತಲಾ 15,000, ಬೀಳು ತರುವ ದಿನಗಳಿಗೆ ಬೇರೆ. ಹಣ ಸಾಲದಿದ್ದರೆ ಕಲಾವಿದರ ಸಂಖ್ಯೆ ಕಡಿಮೆ ಮಾಡುತ್ತೇವೆ, ಕೊಡುವುದನ್ನು ಕಡಿಮೆ ಮಾಡುವುದಿಲ್ಲ. ಭಾನುವಾರ ಹೋಗಿ ಬಂದೆ. ಆ ಅಜ್ಜಿ ಮೊದಲು ಹಣ ತೆಗೆದುಕೊಳ್ಳಲು ಒಪ್ಪಲಿಲ್ಲ. ಹೆಸರು ಬರೆದ ಹೊಸ ಚೀಟಿ ತೋರಿಸಿದೆ. ಅದನ್ನು ಮಡಚಿ ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡರು.

ಒಂದು ಸಹಾಯ ಬೇಕು. ಗದ್ದೆಯಲ್ಲಿ ಕಾಲು ಎಕರೆಗೆ ಈ ಸಲ ಮೆಷಿನ್ ಇಳಿಸುವುದಿಲ್ಲ, ಮುಡಿಯ ಹುಲ್ಲಿಗಾಗಿ ಕೈಯಲ್ಲೇ ಕೊಯ್ಯುತ್ತೇವೆ. ನೇಜಿ ನೆಟ್ಟು ಆಯಿತು, ಅಕ್ಟೋಬರ್ ಕೊನೆಗೆ ಕೊಯ್ಲು. ಈಗ ಜನ ಸಿಗುವುದು ಕಷ್ಟ. ಕತ್ತಿ ಹಿಡಿದು ಅಭ್ಯಾಸ ಇರುವವರು ಎರಡು ದಿನ ಬರುವುದಾದರೆ ಇಲ್ಲಿ ತಿಳಿಸಿ. ಕೂಲಿ ಕೊಡುತ್ತೇವೆ, ಊಟಕ್ಕೆ ಕುಚ್ಚಲಕ್ಕಿ ಗಂಜಿ, ಚಟ್ನಿ.

ಬೀಳು ಬುಟ್ಟಿ:

ನಾನು ಮತ್ತು ಮಾವ ಬರುತ್ತೇವೆ. ನಮ್ಮಲ್ಲಿ ಮೂರು ಕತ್ತಿ ಉಂಟು.

ಕೊಟ್ಟಿಗೆಯಲ್ಲಿ ಇದ್ದವಳು:

ಒಂದು ಕತ್ತಿ ನನಗೆ ಇಡಿ. ಬೆಂಗಳೂರಿನಿಂದ ಹಿಂದಿನ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ.